ಹೋಲಿಕೆಯ ಇಲಿ: ದೀರ್ಘಕಾಲಿಕ ಒತ್ತಡದ ಪ್ರಯೋಗಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಯಾವುದಾದರೊಂದು ಕಾರಣದ ಪರಿಣಾಮವನ್ನು ಪ್ರಯೋಗದಿಂದ ಅರಿಯಬೇಕಾದರೆ, ಆ ಕಾರಣಕ್ಕೆ ಒಳಗಾದ ಪ್ರಾಣಿಯ ಪಕ್ಕದಲ್ಲಿ ಅದಕ್ಕೆ ಒಳಗಾಗದ ಇನ್ನೊಂದು ಪ್ರಾಣಿಯನ್ನು ಇಟ್ಟು ನೋಡಬೇಕೆಂಬುದು ಪ್ರಯೋಗವಿಜ್ಞಾನದ ಮೊದಲ ಪಾಠ. ಔಷಧದ ವಿಷಯದಲ್ಲಿ ಇದು ಸುಲಭ. ಒಂದು ಇಲಿಗೆ ಔಷಧವನ್ನು ಕೊಟ್ಟು ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನು ಚುಚ್ಚಿದರಾಯಿತು. ಆದರೆ ಪರೀಕ್ಷಿಸಬೇಕಾದ ಕಾರಣವೇ ಒತ್ತಡವಾದಾಗ ಏನು ಮಾಡಬೇಕು? ಚುಚ್ಚುವ ಸೂಜಿಯೂ ಹಿಡಿಯುವ ಕೈಯೂ ಒತ್ತಡವೇ ಆಗಬಹುದಲ್ಲವೆ? ಒತ್ತಡಕ್ಕೆ ಒಳಗಾಗದ ಇಲಿ ಪ್ರಯೋಗಶಾಲೆಯಲ್ಲಿ ಎಲ್ಲಿ ದೊರಕೀತು? ಈ ಸಂಶೋಧನೆಯ ಚರಿತ್ರೆಯನ್ನು ಅದರ ಸಿದ್ಧಾಂತಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಅದನ್ನು ಈ ಒಂದು ಪ್ರಶ್ನೆಯ ಕಡೆಯಿಂದ ನೋಡಲು ಯತ್ನಿಸಲಾಗಿದೆ.

ಮೊದಲು ಎರಡು ಮಾತುಗಳನ್ನು ಕುರಿತು ಹೇಳಬೇಕು. ಕನ್ನಡದಲ್ಲಿ ಇಲಿಯೆಂಬ ಒಂದೇ ಶಬ್ದ ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಇಪ್ಪತ್ತು ಮೂವತ್ತು ಗ್ರಾಂ ತೂಗುವ ಚಿಕ್ಕ ಜಾತಿ ಒಂದು. ಅದರ ಹತ್ತು ಪಟ್ಟಿಗೂ ಹೆಚ್ಚು ತೂಗುವ ದೊಡ್ಡ ಜಾತಿ ಇನ್ನೊಂದು. ಇವೆರಡರ ನಡವಳಿಕೆಯೂ ಪ್ರಯೋಗಶಾಲೆಗೆ ಬಂದ ದಾರಿಯೂ ಬೇರೆಯಾದುದರಿಂದ ಮುಂದೆ ಚಿಕ್ಕದನ್ನು ಚಿಟ್ಟಿಲಿಯೆಂದೂ ದೊಡ್ಡದನ್ನು ಇಲಿಯೆಂದೂ ಕರೆಯುತ್ತೇನೆ. ಇನ್ನು ಒತ್ತಡವೆಂಬ ಮಾತು. ಇದು ಯಂತ್ರಶಾಸ್ತ್ರದಿಂದ ಶರೀರಶಾಸ್ತ್ರಕ್ಕೆ ಎರವಲಾಗಿ ಬಂದುದು. ಲೋಹದ ತೊಲೆಯ ಮೇಲೆ ಬೀಳುವ ಬಲಕ್ಕೆ ಸ್ಟ್ರೆಸ್ ಎಂದೂ ಅದರಿಂದ ತೊಲೆಯಲ್ಲಿ ಆಗುವ ಮಾರ್ಪಾಟಿಗೆ ಸ್ಟ್ರೇನ್ ಎಂದೂ ಯಂತ್ರಶಾಸ್ತ್ರಜ್ಞರು ಬೇರೆಬೇರೆಯಾಗಿ ಹೇಳುತ್ತಾರೆ. ಶರೀರಶಾಸ್ತ್ರದಲ್ಲಿ ಮೊದಲನೆಯ ಮಾತನ್ನು ಎರಡನೆಯ ಅರ್ಥದಲ್ಲಿ ರೂಢಿಗೆ ತಂದವರು ಹಾನ್ಸ್ ಸೆಲ್ಯೆಯವರು. ಇಂಗ್ಲಿಷು ತಮ್ಮ ತಾಯ್ನುಡಿಯಲ್ಲದ ಕಾರಣ ಆ ಗೊಂದಲವಾಯಿತೆಂದು ಅವರೇ ಮುಂದೆ ಒಪ್ಪಿಕೊಂಡರು. ಕಾರಣಕ್ಕೂ ಕಾರ್ಯಕ್ಕೂ ಒಂದೇ ಹೆಸರಾದ ಈ ತೊಡಕು ಕನ್ನಡದ ಒತ್ತಡದಲ್ಲಿಯೂ ಹಾಗೆಯೇ ಉಳಿದಿದೆ.

ಸೆಲ್ಯೆಯವರಿಗೆ ಮುಂಚೆ ಹಾರ್ವರ್ಡಿನ ವಾಲ್ಟರ್ ಕ್ಯಾನನ್ನರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನೋವು, ಹಸಿವು, ಭಯ, ಕೋಪಗಳ ಸಮಯದಲ್ಲಿ ಶರೀರದಲ್ಲಾಗುವ ಬದಲಾವಣೆಗಳನ್ನು ವಿವರಿಸಿದ್ದರು. ಅವರ ಪ್ರಯೋಗಗಳು ಬಹುಮಟ್ಟಿಗೆ ಬೆಕ್ಕುಗಳ ಮೇಲೆ ನಡೆದವು. ಅವುಗಳ ವಿಷಯ ಕ್ಷಣಿಕವಾದ ಕೆರಳಿಕೆ: ನಾಯಿಯನ್ನು ಕಂಡ ಬೆಕ್ಕು ಹೋರಾಡಲು ಅಥವಾ ಓಡಲು ಸಿದ್ಧವಾಗುವ ಬಗೆ. ಆ ಕೆರಳಿಕೆ ಇಳಿಯದೆ ದಿನಗಳು, ವಾರಗಳು, ತಿಂಗಳುಗಳು ಕಳೆದರೆ ಏನಾದೀತೆಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ತಂದುದು ಸೆಲ್ಯೆಯವರ ಕೆಲಸ.

1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಪ್ರಾಗಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತ ಸೆಲ್ಯೆಯವರು 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದರು. ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿ ಹೊಸದೊಂದು ಹಾರ್ಮೋನನ್ನು ಹುಡುಕುವುದು ಅವರ ಉದ್ದೇಶವಾಗಿತ್ತು. ಚುಚ್ಚಿಸಿಕೊಂಡ ಇಲಿಗಳಲ್ಲಿ ಮೂರು ಲಕ್ಷಣಗಳು ಕಂಡವು: ಅಡ್ರಿನಲ್ ಗ್ರಂಥಿಗಳು ಹಿಗ್ಗಿದ್ದವು, ಥೈಮಸ್ಸೂ ದುಗ್ಧಗ್ರಂಥಿಗಳೂ ಕುಗ್ಗಿದ್ದವು, ಜಠರದಲ್ಲಿ ಹುಣ್ಣುಗಳಿದ್ದವು. ಹೊಸ ಹಾರ್ಮೋನು ದೊರೆಯಿತೆಂಬ ಹರ್ಷ ಬಹುಕಾಲ ನಿಲ್ಲಲಿಲ್ಲ. ಬೇರೆ ಅಂಗಗಳ ಸಾರವನ್ನು ಚುಚ್ಚಿದರೂ ಅದೇ ಫಲ. ಕೊನೆಗೆ ಫಾರ್ಮಲಿನ್ನನ್ನು ಚುಚ್ಚಿದರೂ ಅದೇ ಫಲ. ಇನ್ನೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈಬಿಡುತ್ತಿದ್ದರೇನೋ. ಸೆಲ್ಯೆಯವರು ಆ ಏಕರೂಪತೆಯನ್ನೇ ವಿಷಯವಾಗಿ ಹಿಡಿದರು. 1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಅವರ ಚಿಕ್ಕ ಪತ್ರವೊಂದು ಪ್ರಕಟವಾಯಿತು. ಚಳಿ, ಶಸ್ತ್ರದ ಗಾಯ, ಬೆನ್ನುಹುರಿಯ ಛೇದನ, ಅತಿಯಾದ ಸ್ನಾಯುಶ್ರಮ, ಪ್ರಾಣಕ್ಕೆರವಾಗದಷ್ಟು ಪ್ರಮಾಣದ ನಾನಾ ವಿಷಗಳು ಎಂಬಿವುಗಳಲ್ಲಿ ಯಾವುದಕ್ಕೆ ಒಡ್ಡಿದರೂ ಇಲಿಯ ದೇಹ ಒಂದೇ ಬಗೆಯಾಗಿ ಉತ್ತರಿಸುತ್ತದೆಂಬುದು ಅದರ ಸಾರ. ಮೊದಲ 6ರಿಂದ 48 ಗಂಟೆಗಳು ಎಚ್ಚರಿಕೆಯ ಅವಸ್ಥೆ. ಅನಂತರ ಪ್ರತಿರೋಧದ ಅವಸ್ಥೆ. ಕಾರಣ ತೊಲಗದೆ ಮುಂದುವರಿದರೆ ಒಂದರಿಂದ ಮೂರು ತಿಂಗಳೊಳಗೆ ಬಳಲಿಕೆಯ ಅವಸ್ಥೆ. ಒತ್ತಡವೆಂಬ ಮಾತು ಆ ಪತ್ರದಲ್ಲಿ ಇಲ್ಲ. ಅದು ಬಿರುದಾಗಿ ನಿಂತುದು ಅನಂತರದ ಬರಹಗಳಲ್ಲಿ. 1950ರ ಬೃಹದ್ಗ್ರಂಥಕ್ಕೆ ಅದೇ ಹೆಸರು.

ಸೆಲ್ಯೆಯವರು ಇಲಿಗಳನ್ನು ಹಿಡಿಯುವುದರಲ್ಲಿ ಬಹಳ ಒಡ್ಡರಾಗಿದ್ದರೆಂದೂ, ಕೈತಪ್ಪಿ ಬಿದ್ದವನ್ನು ಪೊರಕೆ ಹಿಡಿದು ಕೋಣೆಯ ಸುತ್ತ ಅಟ್ಟುತ್ತಿದ್ದರೆಂದೂ, ಹೋಲಿಕೆಯ ಗುಂಪಿನ ಇಲಿಗಳಲ್ಲಿಯೂ ಹುಣ್ಣುಗಳು ಕಂಡುದಕ್ಕೆ ಅದೇ ಕಾರಣವೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿಯವರ ಜನಪ್ರಿಯ ಗ್ರಂಥದಿಂದ ಅದು ಮನೆಮಾತಾಯಿತು. ಇದನ್ನು ದಾಖಲೆಯೆಂದು ಎಣಿಸಲಾಗದು. ಆದರೂ ಕಥೆಯನ್ನು ಕಟ್ಟಿದವರು ಮರ್ಮವನ್ನು ಬಲ್ಲವರು. ಸೆಲ್ಯೆಯವರ ಪಟ್ಟಿಯಲ್ಲಿರುವ ಕಾರಣಗಳೆಲ್ಲವೂ ಹೊರಗಿನಿಂದ ತಂದವು. ಇಲಿಯನ್ನು ಹಿಡಿದ ಕೈ, ಅದನ್ನು ಇಟ್ಟ ಗೂಡು, ಅದು ಕೇಳಿದ ಸದ್ದು ಆ ಪಟ್ಟಿಯಲ್ಲಿ ಇಲ್ಲ.

ಈ ಕೊರತೆಯನ್ನು ಸಿದ್ಧಾಂತದ ಮಟ್ಟದಲ್ಲಿ ಮೊದಲು ಎತ್ತಿ ತೋರಿಸಿದವರಲ್ಲಿ ಜಾನ್ ಮೇಸನ್ನರು ಮುಖ್ಯರು. ಅವರ ಪ್ರಾಣಿ ಕೋತಿ. ಉಪವಾಸವು ಅಡ್ರಿನಲ್ ಗ್ರಂಥಿಯನ್ನು ಕೆರಳಿಸುತ್ತದೆಂದು ಎಲ್ಲರೂ ನಂಬಿದ್ದರು. ಮೇಸನ್ನರು ಉಪವಾಸದ ಕೋತಿಗಳಿಗೆ ಸತ್ತ್ವವಿಲ್ಲದ, ಆದರೆ ನೋಡಲೂ ನುಂಗಲೂ ಆಹಾರದಂತೆಯೇ ಇರುವ ಗುಳಿಗೆಗಳನ್ನು ಕೊಟ್ಟರು. ಪಕ್ಕದ ಕೋತಿ ಉಣ್ಣುವುದು ಕಾಣದಂತೆ ಮಾಡಿದರು. ಹಾರ್ಮೋನು ಏರಲಿಲ್ಲ. ಕೆರಳಿಸಿದ್ದುದು ಹಸಿವಲ್ಲ, ಇತರರು ಉಣ್ಣುತ್ತಿರುವಾಗ ತನಗೆ ಮಾತ್ರ ಇಲ್ಲವೆಂಬ ಸ್ಥಿತಿ. 1971ರಲ್ಲಿ ಅವರು ಬರೆದ ವಿಮರ್ಶೆ ಸೆಲ್ಯೆಯವರ ಏಕರೂಪತೆಯ ವಾದಕ್ಕೆ ಬಿದ್ದ ಬಲವಾದ ಪೆಟ್ಟು.

ಇಷ್ಟರಲ್ಲಿ ಚಿಟ್ಟಿಲಿ ಪ್ರಯೋಗಶಾಲೆಯಲ್ಲಿ ನೆಲೆಯೂರಿತ್ತು. ಅದರ ವಂಶಾವಳಿ ಸ್ವಾರಸ್ಯವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಗ್ರ್ಯಾನ್ಬಿ ಎಂಬ ಊರಿನಲ್ಲಿ ಆಬಿ ಲ್ಯಾತ್ರಾಪ್ ಎಂಬ ಮಹಿಳೆ ಶೋಕಿಗಾಗಿ ಸಾಕುವ ಬಣ್ಣಬಣ್ಣದ ಚಿಟ್ಟಿಲಿಗಳನ್ನು ಬೆಳೆಸಿ ಮಾರುತ್ತಿದ್ದರು. ಹಾರ್ವರ್ಡಿನ ತಳಿವಿಜ್ಞಾನಿಗಳು ಅವರ ಗಿರಾಕಿಗಳಾದರು. ಆ ಗುಂಪಿನ ಕ್ಲಾರೆನ್ಸ್ ಕುಕ್ ಲಿಟಲ್ ಅವರು 1909ರಲ್ಲಿ ಅಣ್ಣತಂಗಿಯರನ್ನೇ ತಲೆಮಾರುಗಳ ಕಾಲ ಕೂಡಿಸಿ ಶುದ್ಧ ತಳಿಯನ್ನು ಸಾಧಿಸುವ ಕೆಲಸವನ್ನು ಆರಂಭಿಸಿದರು. 1921ರಲ್ಲಿ ಲ್ಯಾತ್ರಾಪರಿಂದ ಬಂದ ಚಿಟ್ಟಿಲಿಗಳಿಂದಲೇ ಸಿ57 ಎಂಬ ಕಪ್ಪು ತಳಿಗೆ ಮೊದಲಾಯಿತು. 1929ರಲ್ಲಿ ಲಿಟಲ್ಲರು ಬಾರ್ ಹಾರ್ಬರಿನಲ್ಲಿ ಸ್ಥಾಪಿಸಿದ ಜಾಕ್ಸನ್ ಪ್ರಯೋಗಾಲಯ 1947ರ ಕಾಳ್ಗಿಚ್ಚಿನಲ್ಲಿ ಸುಟ್ಟುಹೋದಾಗ, ಹಿಂದೆ ಅಲ್ಲಿಂದ ತಳಿಗಳನ್ನು ಪಡೆದಿದ್ದ ವಿಜ್ಞಾನಿಗಳು ಅವನ್ನು ಮರಳಿ ಕಳುಹಿಸಿಕೊಟ್ಟು ಸಂಸ್ಥೆಯನ್ನು ಉಳಿಸಿದರು. ಶುದ್ಧ ತಳಿಯ ಚಿಟ್ಟಿಲಿಗಳೆಲ್ಲ ಒಂದು ರೀತಿಯಲ್ಲಿ ಅವಳಿಗಳೇ. ಆದುದರಿಂದ ಎರಡು ಗುಂಪುಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ಪ್ರಯೋಗಕಾರನು ಮಾಡಿದ ಕ್ರಿಯೆಯಲ್ಲದೆ ಬೇರೆ ಕಾರಣವಿರದೆಂಬ ಭರವಸೆ ಮೂಡಿತು. ಈ ಭರವಸೆ ಎಷ್ಟರಮಟ್ಟಿಗೆ ನಿಜವೆಂಬುದು ಮುಂದೆ ತಿಳಿಯುತ್ತದೆ.

ಚಿಟ್ಟಿಲಿಯನ್ನು ದೀರ್ಘಕಾಲಿಕ ಒತ್ತಡಕ್ಕೆ ಒಡ್ಡಿದ ಮೊದಲ ಪ್ರಯೋಗಗಳಲ್ಲಿ ಸೂಜಿಯಾಗಲಿ ಚಳಿಯಾಗಲಿ ಇರಲಿಲ್ಲ. ಇದ್ದುದು ಜನಸಂದಣಿ, ಎಂದರೆ ಚಿಟ್ಟಿಲಿಗಳ ಸಂದಣಿ. 1950ರ ದಶಕದಲ್ಲಿ ಜಾನ್ ಕ್ರಿಶ್ಚಿಯನ್ನರು ಸಂಖ್ಯೆ ಹೆಚ್ಚಿದಂತೆ ಅಡ್ರಿನಲ್ ಗ್ರಂಥಿಯ ತೂಕವೂ ಹೆಚ್ಚುವುದನ್ನು ತೋರಿಸಿದರು. ಮೇರಿಲ್ಯಾಂಡಿನಲ್ಲಿ ಜಾನ್ ಕ್ಯಾಲ್‌ಹೂನರು 1968ರಲ್ಲಿ ಸುಮಾರು ಎರಡೂವರೆ ಮೀಟರು ಉದ್ದಗಲದ ಆವರಣದಲ್ಲಿ ನಾಲ್ಕು ಜೋಡಿ ಚಿಟ್ಟಿಲಿಗಳನ್ನು ಬಿಟ್ಟರು. ಅನ್ನನೀರಿಗೆ ಕೊರತೆಯಿಲ್ಲ, ಶತ್ರುಭಯವಿಲ್ಲ. ಸಂಖ್ಯೆ 2200ಕ್ಕೆ ಏರಿ, ಅನಂತರ ಸಂತಾನವೇ ನಿಂತು, ಆ ಲೋಕ ಅಳಿಯಿತು. ಈ ಪ್ರಯೋಗಕ್ಕೆ ದೊರೆತ ಪ್ರಸಿದ್ಧಿ ಅತಿಯಾದುದೆಂದೇ ನನ್ನ ಅಭಿಪ್ರಾಯ. ಹೊರಬೀಳುವ ದಾರಿಯಿಲ್ಲದ ಆವರಣದಿಂದ ಮನುಷ್ಯರ ನಗರಗಳ ಭವಿಷ್ಯವನ್ನು ಓದಲು ಹೊರಟವರು ಆವರಣವನ್ನು ಮರೆತರು.

ಅದಕ್ಕಿಂತ ಕಡಿಮೆ ಪ್ರಸಿದ್ಧವಾದ, ಆದರೆ ಹೆಚ್ಚು ಬೆಲೆಯುಳ್ಳ ಕೆಲಸ ಕ್ಯಾಲಿಫೋರ್ನಿಯದ ಜೇಮ್ಸ್ ಹೆನ್ರಿಯವರದು. 1967ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಪೆಟ್ಟಿಗೆಗಳನ್ನು ಕಿರಿದಾದ ಕೊಳವೆಗಳಿಂದ ಜೋಡಿಸಿ, ಚಿಟ್ಟಿಲಿಗಳು ಒಂದನ್ನೊಂದು ಪದೇ ಪದೇ ಎದುರಿಸಲೇಬೇಕಾದ ಏರ್ಪಾಡು ಮಾಡಿದ್ದರು. ಬೇರೆಬೇರೆಯಾಗಿ ಬೆಳೆದ ಗಂಡುಗಳನ್ನು ಅಲ್ಲಿ ಕೂಡಿಹಾಕಿದಾಗ ಜಗಳ ತೀರಲೇ ಇಲ್ಲ. ರಕ್ತದ ಒತ್ತಡ ಏರಿ ತಿಂಗಳುಗಟ್ಟಲೆ ಇಳಿಯಲಿಲ್ಲ. ಹುಟ್ಟಿದಂದಿನಿಂದ ಒಟ್ಟಿಗೆ ಬೆಳೆದವುಗಳಲ್ಲಾದರೋ ಅದೇ ಪೆಟ್ಟಿಗೆಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಪೆಟ್ಟಿಗೆ ಒಂದೇ, ಪೂರ್ವಚರಿತ್ರೆ ಬೇರೆ. ಹೋಲಿಕೆಯ ಪ್ರಾಣಿಗೂ ಒಂದು ಬಾಳಿನ ಚರಿತ್ರೆಯುಂಟೆಂಬುದನ್ನು ಇಷ್ಟು ಸ್ಪಷ್ಟವಾಗಿ ಅದಕ್ಕೆ ಮುಂಚೆ ಯಾರೂ ತೋರಿಸಿರಲಿಲ್ಲ.

ಈ ಎಳೆಯನ್ನು ಕೊನೆಯವರೆಗೂ ಎಳೆದವರು ಸಿಯಾಟಲ್ ನಗರದ ವರ್ನನ್ ರೈಲಿಯವರು. ಅವರು ಸ್ತನದ ಗಡ್ಡೆಯ ವೈರಸ್ಸನ್ನು ತಾಯಿಯ ಹಾಲಿನಿಂದ ಪಡೆಯುವ ಸಿ3ಎಚ್ ತಳಿಯ ಹೆಣ್ಣು ಚಿಟ್ಟಿಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಈ ತಳಿಯಲ್ಲಿ ಗಡ್ಡೆ ಬಹುಮಟ್ಟಿಗೆ ಅನಿವಾರ್ಯವೆಂದು ನಂಬಲಾಗಿತ್ತು. ರೈಲಿಯವರು ಸಾಮಾನ್ಯ ಪ್ರಾಣಿಶಾಲೆಯನ್ನು ಚಿಟ್ಟಿಲಿಯ ಕಿವಿಮೂಗುಗಳಿಂದ ಪರಿಶೀಲಿಸಿದರು. ಲೋಹದ ಕಪಾಟುಗಳ ಸದ್ದು, ಸೇವಕರ ಓಡಾಟ, ಬಾಗಿಲು ಬಡಿಯುವುದು, ನಮ್ಮ ಕಿವಿಗೆ ಕೇಳಿಸದ ಉಚ್ಚಶ್ರುತಿಯ ಕಂಪನಗಳು, ಗೂಡು ತೊಳೆಯುವಾಗಿನ ಗಲಿಬಿಲಿ, ಹಿಡಿಯಲ್ಪಟ್ಟ ನೆರೆಯ ಚಿಟ್ಟಿಲಿ ಹೊಮ್ಮಿಸುವ ಭಯದ ವಾಸನೆ! ಒಂದು ಗೂಡಿನಿಂದ ಚಿಟ್ಟಿಲಿಗಳನ್ನು ಒಂದೊಂದಾಗಿ ಎತ್ತುತ್ತ ಹೋದರೆ, ಕೊನೆಯಲ್ಲಿ ಹಿಡಿದುದರ ರಕ್ತದಲ್ಲಿ ಕಾರ್ಟಿಕೊಸ್ಟಿರೋನ್ ಎಂಬ ಅಡ್ರಿನಲ್ ಹಾರ್ಮೋನು ಮೊದಲನೆಯದರಲ್ಲಿದ್ದುದಕ್ಕಿಂತ ಬಹಳ ಹೆಚ್ಚಾಗಿರುತ್ತಿತ್ತು. ನಡುವೆ ಕಳೆದ ಕಾಲ ಕೆಲವೇ ನಿಮಿಷ. ಅವರು ಸದ್ದನ್ನೂ ಗಾಳಿಯ ಸಂಚಾರವನ್ನೂ ಹತೋಟಿಯಲ್ಲಿಟ್ಟ ರಕ್ಷಿತ ಕಪಾಟುಗಳನ್ನು ಕಟ್ಟಿಸಿದರು. 1975ರಲ್ಲಿ ಸಯನ್ಸ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: 400 ದಿನಗಳ ವಯಸ್ಸಿಗೆ, ಸಾಮಾನ್ಯ ಶಾಲೆಯ ಗದ್ದಲದಲ್ಲಿ ಬೆಳೆದ ಚಿಟ್ಟಿಲಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದವುಗಳಲ್ಲಿ ಗಡ್ಡೆಯಿತ್ತು, ರಕ್ಷಿತ ಕಪಾಟಿನವುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ರಕ್ಷಣೆ ಪಡೆದ ಗುಂಪಿನ ಕಡೆಯಿಂದ ನೋಡಿದರೆ, ಒತ್ತಡಕ್ಕೆ ಒಳಗಾದುದು ಸಾಮಾನ್ಯವಾದ ಪ್ರಾಣಿಶಾಲೆಯ ಸಾಮಾನ್ಯವಾದ ಚಿಟ್ಟಿಲಿ. ಎಂದರೆ ಅಲ್ಲಿಯವರೆಗೆ ಬೇರೆಲ್ಲ ಕಡೆ ಹೋಲಿಕೆಯ ಗುಂಪೆಂದು ಎಣಿಸಲಾಗಿದ್ದುದೇ ಇಲ್ಲಿ ಪೀಡಿತ ಗುಂಪಾಯಿತು. ವೈರಸ್ಸಿನ ಪಾತ್ರವಿರುವ ಈ ಗಡ್ಡೆಗಳಿಂದ ಮನುಷ್ಯರ ಕ್ಯಾನ್ಸರಿಗೆ ನೇರವಾದ ತೀರ್ಮಾನ ಸಲ್ಲದು. ಅನೇಕರು ಆ ಆತುರವನ್ನು ತೋರಿದರು. ರೈಲಿಯವರ ಕೆಲಸದ ಬೆಲೆ ಬೇರೆ ಕಡೆಯಿದೆ. 1981ರ ದೀರ್ಘ ಲೇಖನದಲ್ಲಿ ಅವರು, ಮೊದಲು ತಳಮಟ್ಟವನ್ನು ಶಾಂತಗೊಳಿಸದೆ ಒತ್ತಡದ ಪರಿಣಾಮವನ್ನು ಅಳೆಯಲು ಹೊರಟ ಪ್ರಯೋಗಗಳು ಒತ್ತಡವನ್ನು ಒತ್ತಡದೊಡನೆಯೇ ಹೋಲಿಸುತ್ತವೆಂದು ವಾದಿಸಿದರು. ಈ ವಾದವನ್ನು ಯಾರೂ ಖಂಡಿಸಲಿಲ್ಲ. ಹೆಚ್ಚು ಮಂದಿ ಅನುಸರಿಸಲೂ ಇಲ್ಲ.

ಅದಕ್ಕೆ ಕಾರಣವೂ ಉಂಟು. ವಿದ್ವಾಂಸರ ಗಮನ ಆ ವೇಳೆಗೆ ಗ್ರಂಥಿಯಿಂದ ಮಿದುಳಿಗೆ ತಿರುಗಿತ್ತು. ನ್ಯೂಯಾರ್ಕಿನ ಬ್ರೂಸ್ ಮೆಕ್ಯೂವನ್ನರು 1968ರಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಕಾರ್ಟಿಕೊಸ್ಟಿರೋನನ್ನು ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದ್ದರು. ನೆನಪಿಗೆ ಸಂಬಂಧಿಸಿದ ಭಾಗ ಅದು. 1992ರಲ್ಲಿ ಅವರ ಗುಂಪು, ಇಲಿಗಳನ್ನು ದಿನಕ್ಕೆ ಆರು ಗಂಟೆಯಂತೆ 21 ದಿನ ಬಿಗಿಯಾದ ಕೊಳವೆಯಲ್ಲಿಟ್ಟರೆ ಅಲ್ಲಿನ ನರಕೋಶಗಳ ಕವಲುಗಳು ಕುಗ್ಗುವುದನ್ನು ವರದಿ ಮಾಡಿತು. ಬೆಂಗಳೂರಿನ ಹೆಸರು ಈ ಚರಿತ್ರೆಯಲ್ಲಿ ಬರುವುದು ಇಲ್ಲಿಯೇ. ನಿಮ್ಹಾನ್ಸ್ ಸಂಸ್ಥೆಯ ನರಶರೀರಶಾಸ್ತ್ರಜ್ಞರು 1990ರ ದಶಕದಲ್ಲಿ ಇದೇ ಬಗೆಯ ಬಂಧನಪ್ರಯೋಗಗಳನ್ನು ನಡೆಸಿ ಹಿಪೊಕ್ಯಾಂಪಸ್ಸಿನ ನರಕೋಶಗಳ ಸೂಕ್ಷ್ಮರಚನೆಯನ್ನು ಅಳೆದರು. 2002ರಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿಯವರ ಗುಂಪು, ನಿಮ್ಹಾನ್ಸಿನವರ ಸಹಕಾರದೊಡನೆ, ಇನ್ನೊಂದು ಹೆಜ್ಜೆ ಮುಂದಿಟ್ಟಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಕದಲದಂತೆ ಬಂಧಿಸಿದ ಇಲಿಗಳಲ್ಲಿ ಹಿಪೊಕ್ಯಾಂಪಸ್ಸಿನ ಕವಲುಗಳು ಕುಗ್ಗಿದ್ದರೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಕವಲುಗಳು ಬೆಳೆದಿದ್ದವು! ಒತ್ತಡವೆಂದರೆ ಎಲ್ಲೆಡೆ ಕ್ಷಯವೆಂಬ ಎಣಿಕೆ ಇದರಿಂದ ತಪ್ಪಿತು. 2004ರಲ್ಲಿ ಅದೇ ಗುಂಪು ಪ್ರಕಟಿಸಿದಂತೆ, 21 ದಿನಗಳ ವಿಶ್ರಾಂತಿಯ ಅನಂತರ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲದ ಬೆಳವಣಿಗೆ ಹಿಂದೆ ಸರಿಯಲಿಲ್ಲ. ನೆನಪು ಮರಳಿದರೂ ಭಯ ಬಿಡದು ಎಂದು ಇದನ್ನು ಹೇಳಬಹುದೇನೋ. ಆದರೆ ಕವಲುಗಳಿಂದ ಅನುಭವಕ್ಕೆ ಹಾರುವುದು ಅಷ್ಟು ಸುಲಭವಲ್ಲ.

ಚಿಟ್ಟಿಲಿಯಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲೊಂದು ಸೋಲಿನ ವಿಧಾನ. ಇದರ ಬೀಜ ರಷ್ಯದ ನೊವೊಸಿಬಿರ್ಸ್ಕಿನಲ್ಲಿ ನತಾಲಿಯ ಕುದ್ರ್ಯಾವ್ತ್ಸೆವ ಅವರು 1991ರಲ್ಲಿ ವರ್ಣಿಸಿದ ಪ್ರಯೋಗಗಳಲ್ಲಿದೆ. 2006ರಲ್ಲಿ ಎರಿಕ್ ನೆಸ್ಲರರ ಗುಂಪಿನ ಕೆಲಸದಿಂದ ಅದು ಲೋಕವ್ಯಾಪಿಯಾಯಿತು. ಕಪ್ಪು ತಳಿಯ ಚಿಟ್ಟಿಲಿಯನ್ನು ಪ್ರತಿದಿನವೂ ಹೊಸದೊಂದು ಬಲಿಷ್ಠವಾದ ಬಿಳಿಯ ಗಂಡಿನ ಗೂಡಿಗೆ ಕೆಲವು ನಿಮಿಷ ಬಿಡುತ್ತಾರೆ. ಅದು ಸೋಲುತ್ತದೆ. ಮಿಕ್ಕ ಹೊತ್ತನ್ನೆಲ್ಲ ತೂತುಗಳಿರುವ ತೆರೆಯ ಆಚೆ ಗೆದ್ದವನ ನೋಟವನ್ನೂ ವಾಸನೆಯನ್ನೂ ಸಹಿಸುತ್ತ ಕಳೆಯುತ್ತದೆ. ಹತ್ತು ದಿನಗಳಲ್ಲಿ ಅದು ತನ್ನ ಜಾತಿಯವರ ಸಂಗವನ್ನೇ ತೊರೆಯುತ್ತದೆ. ಖಿನ್ನತೆಯ ಔಷಧವನ್ನು ವಾರಗಟ್ಟಲೆ ಕೊಟ್ಟರೆ ಇದು ತಿಳಿಯಾಗುತ್ತದೆ, ಒಂದೇ ಸಲ ಕೊಟ್ಟರೆ ಆಗುವುದಿಲ್ಲ. ಮನುಷ್ಯರಲ್ಲಿಯೂ ಆ ಔಷಧಗಳು ನಿಧಾನವಾಗಿಯೇ ಫಲಕೊಡುವುದರಿಂದ ಈ ವಿಧಾನಕ್ಕೆ ಮನ್ನಣೆ ದೊರೆಯಿತು. 2007ರಲ್ಲಿ ಅದೇ ಗುಂಪು ಇನ್ನೊಂದು ಸಂಗತಿಯನ್ನು ವಿವರವಾಗಿ ಪರೀಕ್ಷಿಸಿತು: ಒಂದೇ ತಳಿಯ, ಅವಳಿಗಳಂತಿರುವ ಚಿಟ್ಟಿಲಿಗಳಲ್ಲಿ ಕೆಲವು ಸೋತೂ ಕುಗ್ಗುವುದಿಲ್ಲ. ಲಿಟಲ್ಲರ ಕಾಲದ ಭರವಸೆಗೆ ಇದು ಉತ್ತರ. ರಕ್ತ ಒಂದಾದ ಮಾತ್ರಕ್ಕೆ ಬಾಳು ಒಂದಾಗಲಿಲ್ಲ. ಇನ್ನೊಂದು ಮಿತಿಯನ್ನೂ ಹೇಳಬೇಕು: ಬಿಳಿಯ ಗಂಡು ಹೆಣ್ಣಿನ ಮೇಲೆ ಸಾಮಾನ್ಯವಾಗಿ ಬೀಳದು. ಆದುದರಿಂದ ಬಹುಕಾಲ ಈ ಜ್ಞಾನವೆಲ್ಲ ಗಂಡುಗಳದೇ ಆಗಿತ್ತು. ಮನುಷ್ಯರಲ್ಲಾದರೋ ಖಿನ್ನತೆ ಹೆಂಗಸರಲ್ಲಿಯೇ ಹೆಚ್ಚು.

ರೈಲಿಯವರ ಪ್ರಶ್ನೆ ಮರಳಿ ಬಂದುದು ಬೇರೆ ಬಾಗಿಲಿನಿಂದ. 1999ರಲ್ಲಿ ಜಾನ್ ಕ್ರ್ಯಾಬ್, ಡಗ್ಲಾಸ್ ವಾಲ್‌ಸ್ಟನ್, ಬ್ರೂಸ್ ಡೂಡೆಕ್ ಎಂಬ ಮೂವರು ಪೋರ್ಟ್‌ಲ್ಯಾಂಡ್, ಎಡ್ಮಂಟನ್, ಆಲ್ಬನಿ ನಗರಗಳ ತಮ್ಮ ಪ್ರಯೋಗಶಾಲೆಗಳಲ್ಲಿ ಒಂದೇ ತಳಿಗಳನ್ನು, ಒಂದೇ ವಯಸ್ಸಿನಲ್ಲಿ, ಒಂದೇ ಬಗೆಯ ಉಪಕರಣಗಳಿಂದ ಪರೀಕ್ಷಿಸಿದರು. ಆದರೂ ಹಲವು ಪರೀಕ್ಷೆಗಳಲ್ಲಿ ಊರಿನಿಂದ ಊರಿಗೆ ಫಲ ಬೇರೆಯಾಯಿತು. ಎಡ್ಮಂಟನ್ನಿನಲ್ಲಿ ಪರೀಕ್ಷೆ ನಡೆಸಿದವರಿಗೆ ಚಿಟ್ಟಿಲಿಗಳಿಂದ ಅಲರ್ಜಿಯಾಗುತ್ತಿದ್ದುದರಿಂದ ಅವರು ಗಾಳಿಯನ್ನು ಸೋಸುವ ಯಂತ್ರದ ಶಿರಸ್ತ್ರಾಣವನ್ನು ಧರಿಸಿದ್ದರು. ಅದರ ಸದ್ದನ್ನು ಚಿಟ್ಟಿಲಿಗಳು ಏನೆಂದು ತಿಳಿದವೋ! 2010ರಲ್ಲಿ ಲಿವರ್‌ಪೂಲಿನ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಅವರು, ನೂರು ವರ್ಷಗಳಿಂದ ಎಲ್ಲೆಡೆ ನಡೆದುಬಂದಿದ್ದಂತೆ ಚಿಟ್ಟಿಲಿಯನ್ನು ಬಾಲ ಹಿಡಿದು ಎತ್ತುವುದರಿಂದಲೇ ಅದರಲ್ಲಿ ಅಂಜಿಕೆ ಬೆಳೆಯುವುದೆಂದೂ, ಬೊಗಸೆಯಲ್ಲಿ ಅಥವಾ ಕೊಳವೆಯಲ್ಲಿ ಎತ್ತಿದರೆ ಅದು ತಾನಾಗಿಯೇ ಕೈಯ ಬಳಿಗೆ ಬರುವುದೆಂದೂ ತೋರಿಸಿದರು. ಕ್ರಿಯೆಯ ಗುಂಪನ್ನೂ ಹೋಲಿಕೆಯ ಗುಂಪನ್ನೂ ಅದುವರೆಗೆ ಬಾಲದಿಂದಲೇ ಎತ್ತಿದ್ದರು. 2014ರಲ್ಲಿ ಜೆಫ್ರಿ ಮೋಗಿಲ್ಲರ ಗುಂಪು ಪ್ರಕಟಿಸಿದ ಸಂಗತಿ ಇನ್ನೂ ವಿಚಿತ್ರ. ಪರೀಕ್ಷಕನು ಗಂಡಸಾದರೆ, ಅಥವಾ ಗಂಡಸು ತೊಟ್ಟು ಬಿಟ್ಟ ಅಂಗಿಯೊಂದು ಹತ್ತಿರದಲ್ಲಿದ್ದರೂ ಸಾಕು, ಅವನ ವಾಸನೆಯಿಂದ ಚಿಟ್ಟಿಲಿಯಲ್ಲಿ ಏಳುವ ಕೆರಳಿಕೆ ಹದಿನೈದು ನಿಮಿಷ ಕೊಳವೆಯಲ್ಲಿ ಬಂಧಿಸಿದಾಗಿನದಕ್ಕೆ ಸಮ. ಹೆಂಗಸರ ವಾಸನೆಗೆ ಅದು ಏಳದು. ಈ ಕೆಲಸ ನಡೆದುದು ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. 1936ರ ಪತ್ರ ಹೊರಟುದೂ ಅಲ್ಲಿಂದಲೇ.

ಆ ಪತ್ರದ ಪಟ್ಟಿಯಲ್ಲಿ ಮೊದಲನೆಯದು ಚಳಿಯೆಂಬುದನ್ನು ವಾಚಕರು ಮರೆತಿರಲಾರರು. ಚಿಟ್ಟಿಲಿ ಮೈಕಾವಿಗಾಗಿ ವಿಶೇಷ ಶ್ರಮಪಡದೆ ಇರಬಲ್ಲ ಉಷ್ಣತೆ ಸುಮಾರು 30 ಡಿಗ್ರಿ ಸೆಲ್ಸಿಯಸ್. ಪ್ರಾಣಿಶಾಲೆಗಳನ್ನು ಅಲ್ಲಿ ಕೆಲಸಮಾಡುವ ಮನುಷ್ಯರ ಅನುಕೂಲಕ್ಕಾಗಿ 20ರಿಂದ 24 ಡಿಗ್ರಿಗಳಲ್ಲಿಡುವುದು ರೂಢಿ. 2013ರಲ್ಲಿ ಬಫಲೋ ನಗರದ ಎಲಿಜಬೆತ್ ರೆಪಾಸ್ಕಿಯವರ ಗುಂಪು, ಉಷ್ಣತೆಯನ್ನು ಸುಮಾರು 30 ಡಿಗ್ರಿಗೆ ಏರಿಸಿದ ಮಾತ್ರಕ್ಕೆ ಚಿಟ್ಟಿಲಿಗಳ ಗಡ್ಡೆಗಳು ನಿಧಾನವಾಗಿ ಬೆಳೆಯುವುದನ್ನೂ ರೋಗನಿರೋಧದ ಕೋಶಗಳು ಚುರುಕಾಗುವುದನ್ನೂ ಪ್ರಕಟಿಸಿತು. ರೈಲಿಯವರ ಕಪಾಟಿನ ಪಾಠವನ್ನು ಉಷ್ಣಮಾಪಕದಿಂದ ಮತ್ತೆ ಓದಿದಂತಾಯಿತು. ಗೂಡು ಕಟ್ಟಿಕೊಳ್ಳಲು ಚಿಟ್ಟಿಲಿಗಳಿಗೆ ಸಾಕಷ್ಟು ಕಾಗದದ ಎಳೆಗಳನ್ನು ಕೊಟ್ಟರೆ ಈ ಚಳಿಯ ಬಹುಭಾಗವನ್ನು ಅವೇ ನೀಗಿಕೊಳ್ಳುತ್ತವೆ; ಕೆಲವು ಶಾಲೆಗಳಲ್ಲಿ ಇದು ಈಗ ರೂಢಿಯಾಗಿದೆ.

ಪ್ರಾಣಿಪ್ರಯೋಗಗಳನ್ನು ವರದಿ ಮಾಡುವ ಕ್ರಮವನ್ನು ಕುರಿತು 2010ರಲ್ಲಿ ಬ್ರಿಟನ್ನಿನಲ್ಲಿ ರಚಿತವಾದ ಅರೈವ್ ಎಂಬ ಸೂತ್ರಾವಳಿ ಅನೇಕ ಪತ್ರಿಕೆಗಳ ಸಮ್ಮತಿಯನ್ನು ಪಡೆದಿದೆ. ಚಿಟ್ಟಿಲಿಯನ್ನು ಎಂಥ ಗೂಡಿನಲ್ಲಿ, ಎಷ್ಟು ಉಷ್ಣತೆಯಲ್ಲಿ, ಎಷ್ಟು ಜೊತೆಗಾರರೊಡನೆ ಇಟ್ಟಿತ್ತೆಂಬುದನ್ನು ಲೇಖಕರು ತಿಳಿಸಬೇಕೆಂದು ಅದರಲ್ಲಿ ವಿಧಿಸಿದೆ. 2020ರಲ್ಲಿ ಅದನ್ನು ಪರಿಷ್ಕರಿಸಿದಾಗ ವಿಧಿಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿದರು: ಅತ್ಯವಶ್ಯವಾದ ಹತ್ತು, ಶಿಫಾರಸು ಮಾಡತಕ್ಕ ಮಿಕ್ಕವು. ಪ್ರಾಣಿಯ ವಸತಿ ಎರಡನೆಯ ಪಟ್ಟಿಗೆ ಸೇರಿತು.